ಗುಗ್ಗೆಯ ನಡೆ

ತಲೆಗೆ ಎಣ್ಣೆಯೊತ್ತಿಕೊಂಡು, ಹಂಡೆಯ ಬಿಸಿನೀರನ್ನು ತಂಬಿಗೆ ತಂಬಿಗೆಯಾಗಿ ಹೊಯ್ದುಕೊಂಡು ಮಿಂದೆದ್ದವರಿಗೆ, ಇನ್ನೂ ಮೈಯೊರಸಿಕೊಳ್ಳುತ್ತಿರುವಾಗಲೇ ಒಂದು ಕಿವಿ ಫಕ್ಕನೆ ಮುಚ್ಚಿಹೋಗುವುದು ನಮ್ಮ ಮನೆಗಳಲ್ಲಿ ಅಪರೂಪದ ಅನುಭವವೇನೂ ಅಲ್ಲ. ಬಚ್ಚಲಿಗೆ ಹೋಗುವಾಗ ಎರಡು ಕಿವಿಗಳೂ ಚೆನ್ನಾಗಿಯೇ ಕೇಳುತ್ತಿದ್ದುವು. ಹೊರಗೆ ಬರುವಷ್ಟರಲ್ಲಿ ಒಂದು ಪಕ್ಕದ ಲೋಕವೇ ದೂರ ಸರಿದಂತಾಗಿ, ಎದುರಿನವರ ಮಾತು ಮಂದವಾಗಿ, ತಮ್ಮ ಸ್ವಂತ ದನಿ ಮಾತ್ರ ತಲೆಯೊಳಗೆ ಗುಂಯ್‌ಗುಡತೊಡಗುತ್ತದೆ. ನೀರು ಹೊಕ್ಕಿರಬೇಕೆಂದು ಭಾವಿಸಿ ತಲೆಯನ್ನು ವಾಲಿಸಿ ಒಂಟಿಕಾಲಿನಲ್ಲಿ ಕುಪ್ಪಳಿಸುತ್ತಾರೆ, ನೀರು ಬರುವುದಿಲ್ಲ. ಮನೆಯ ಹಿರಿಯರೊಬ್ಬರು ಸೌಟಿನಲ್ಲಿ ಎಣ್ಣೆ ಬೆಚ್ಚಗೆ ಮಾಡಿ ತರುತ್ತಾರೆ, ಮತ್ತೊಬ್ಬರು ತುರುಬಿನ ಪಿನ್ನನ್ನು ಕಿತ್ತು ನೀಡುತ್ತಾರೆ. ಯಾವುದರಿಂದಲೂ ಗುಣ ಕಾಣದೆ ಮರುದಿನ ವೈದ್ಯರ ಬಳಿಗೆ ಹೋದರೆ, ಅವರು ಪಿಚಕಾರಿಯಲ್ಲಿ ಮತ್ತೆ ನೀರನ್ನೇ ತುಂಬಿ ಹಾಯಿಸಿ ಕಿವಿಯನ್ನು ತೆರೆಯುತ್ತಾರೆ. ಮುಚ್ಚಿದುದೂ ನೀರೇ, ತೆರೆದುದೂ ನೀರೇ. ಒಂದೇ ವಸ್ತು ಇಂದು ಬಾಗಿಲನ್ನಿಕ್ಕಿ ನಾಳೆ ಅದನ್ನೇ ತೆಗೆಯುವುದು ಹೇಗೆ, ನಡುವೆ ಬಂದ ಎಣ್ಣೆ ಏನು ಮಾಡಿತು, ಪಿನ್ನು ಏನು ಮಾಡಿತು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ, ಗುಗ್ಗೆಯೆಂಬ ಈ ಉಪೇಕ್ಷಿತ ವಸ್ತು ಎಲ್ಲಿ ಹುಟ್ಟಿ, ಯಾವುದರಿಂದ ಆಗಿ, ಯಾವ ಕಡೆಗೆ ಹೋಗುತ್ತದೆಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಹುಟ್ಟುವ ಎಡೆ

ಕಿವಿಯ ಹಾಲೆಯಿಂದ ಒಳಗಣ ತಮಟೆಯವರೆಗಿನ ನಾಳ ವಯಸ್ಕರಲ್ಲಿ ಸುಮಾರು 2.5 ಸೆಂಟಿಮೀಟರು ಉದ್ದವಾಗಿದ್ದು, ನೇರವಾಗಿರದೆ ನಡುವೆ ಬಳುಕಿಕೊಂಡಿದೆ. ಅದರ ಹೊರಗಿನ ಮೂರನೆಯ ಒಂದು ಪಾಲಿನ ಗೋಡೆ ಮೃದ್ವಸ್ಥಿಯಿಂದಾದುದು. ಒಳಗಿನ ಮೂರನೆಯ ಎರಡು ಪಾಲು ತಲೆಯ ಗಟ್ಟಿ ಮೂಳೆಯೊಳಗೇ ಹಾದುಹೋಗಿದೆ. ಹೊರಭಾಗದ ಚರ್ಮ ದಪ್ಪವಾಗಿದ್ದು, ಅದರಲ್ಲಿ ರೋಮಗಳೂ ಜಿಡ್ಡಿನ ಗ್ರಂಥಿಗಳೂ ಬೆವರಿನ ಗ್ರಂಥಿಗಳ ಜಾತಿಗೆ ಸೇರಿದ ವಿಶೇಷವಾದ ಗುಗ್ಗೆಗ್ರಂಥಿಗಳೂ ಇವೆ. ಒಳಭಾಗದಲ್ಲಿ ಇವಾವುವೂ ಇಲ್ಲ. ಅಲ್ಲಿರುವುದು ಮೂಳೆಗೆ ನೇರವಾಗಿ ಅಂಟಿಕೊಂಡ, ಮುಟ್ಟಿದರೆ ಗಾಯವಾಗುವಷ್ಟು ತೆಳುವಾದ ಚರ್ಮ ಮಾತ್ರ. ಆದುದರಿಂದ ಆರೋಗ್ಯವಾದ ಕಿವಿಯಲ್ಲಿ ಗುಗ್ಗೆ ಹುಟ್ಟುವುದು ಬಾಗಿಲಿನ ಸಮೀಪದಲ್ಲೇ ಹೊರತು ತಮಟೆಯ ಬಳಿಯಲ್ಲಲ್ಲ. ತಮಟೆಗೆ ಒತ್ತಿಕೊಂಡು ಕೂತ ಗಟ್ಟಿ ಗುಗ್ಗೆಯನ್ನು ವೈದ್ಯರು ಕಂಡಾಗ, ಯಾರೋ ಅದನ್ನು ಅಲ್ಲಿಗೆ ತಳ್ಳಿರಬೇಕೆಂಬ ಸಂದೇಹ ಅವರಿಗೆ ಮೊದಲು ಬರುವುದು ಈ ಕಾರಣದಿಂದಲೇ.

ಗುಗ್ಗೆಯನ್ನು ಮೇಣವೆಂದೂ ಜಿಡ್ಡೆಂದೂ ಕರೆಯುವುದು ವಾಡಿಕೆಯಾದರೂ, ಅದರಲ್ಲಿ ನೂರಕ್ಕೆ 60ರವರೆಗಿನ ಪಾಲು ನಾಳದ ಗೋಡೆಯಿಂದ ಸುಲಿದು ಬಂದ ಸತ್ತ ಚರ್ಮದ ಹೊಟ್ಟು. ತಲೆಯಲ್ಲಿ ಉದುರುವ ಹೊಟ್ಟಿನ ದ್ರವ್ಯವೂ ಇದೇ. ಉಗುರು, ಕೂದಲು, ಕೊಂಬುಗಳನ್ನು ಮಾಡಿರುವ ಕೆರಾಟಿನ್ ಎಂಬ ಪ್ರೋಟೀನಿನಿಂದ ತುಂಬಿದ ಈ ಚಪ್ಪಟೆ ಹಾಳೆಗಳು ಒಂದರ ಮೇಲೊಂದು ಕೂತಿದ್ದು, ಅವುಗಳ ನಡುವೆ ಗ್ರಂಥಿಗಳು ಸುರಿಸಿದ ಜಿಡ್ಡು ಸೇರಿಕೊಂಡಿರುತ್ತದೆ. ಈ ಜಿಡ್ಡು ಸ್ವಲ್ಪ ಆಮ್ಲಗುಣವುಳ್ಳದ್ದು. ಧೂಳನ್ನು ಹಿಡಿದಿಡುತ್ತದೆ, ನೀರು ಚರ್ಮವನ್ನು ನೆನೆಸದಂತೆ ತಡೆಯುತ್ತದೆ, ಸೂಕ್ಷ್ಮಜೀವಿಗಳಿಗೆ ಅಲ್ಲಿ ನೆಲೆ ಸುಲಭವಾಗಿ ಸಿಗದ ಹಾಗೆ ಮಾಡುತ್ತದೆ. ಅದನ್ನು ಸಂಪೂರ್ಣವಾಗಿ ತೆಗೆದುಹಾಕಿದ ಕಿವಿ ಶುಚಿಯಾದ ಕಿವಿಯೆಂಬ ನಮ್ಮ ಗ್ರಹಿಕೆ ಸರಿಯಾದುದಲ್ಲ. ಅತಿಯಾಗಿ ಒರಸಿದ ಕಿವಿ ಒಣಗಿ ನವೆಯೇಳುತ್ತದೆ. ನವೆ ಎದ್ದಾಗ ಮತ್ತೆ ಕಡ್ಡಿ ಹಾಕುತ್ತೇವೆ. ಕಡ್ಡಿ ಹಾಕಿದಷ್ಟೂ ನವೆ ಬೆಳೆಯುತ್ತದೆ.

ಎಲ್ಲ ಮನುಷ್ಯರ ಗುಗ್ಗೆಯೂ ಒಂದೇ ಬಗೆಯದಲ್ಲ. ಆಫ್ರಿಕದ ಮತ್ತು ಯುರೋಪಿನ ಜನರಲ್ಲಿ ಬಹುಮಟ್ಟಿಗೆ ಎಲ್ಲರದೂ ಕಂದುಬಣ್ಣದ ಅಂಟಾದ ಗುಗ್ಗೆ. ಜಪಾನ್, ಕೊರಿಯಾ, ಉತ್ತರ ಚೀನಾಗಳಲ್ಲಿ ಬೂದುಬಣ್ಣದ ಒಣ ಹುಡಿಯಂಥದೇ ಹೆಚ್ಚು. ನಮ್ಮ ದೇಶದಲ್ಲಿ ಎರಡೂ ಕಾಣಸಿಗುತ್ತವೆ. ಇದು ವಂಶದ ಕ್ರಮದಲ್ಲಿ ಇಳಿದು ಬರುವ ಗುಣವೆಂಬುದನ್ನು ಜಪಾನಿನ ಮತ್ಸುನಗ ಅವರು 1962ರಲ್ಲಿ ವಿವರಿಸಿದರು. 2006ರಲ್ಲಿ ನಾಗಸಾಕಿಯ ವಿಜ್ಞಾನಿಗಳು ಎಬಿಸಿಸಿ11 ಎಂಬ ಒಂದೇ ಜೀನಿನ ಒಂದೇ ಅಕ್ಷರದ ವ್ಯತ್ಯಾಸ ಈ ಭೇದಕ್ಕೆ ಕಾರಣವೆಂದು ತೋರಿಸಿದರು. ಜಪಾನಿನ ಮನೆಮನೆಯಲ್ಲಿರುವ ಬಿದಿರಿನ ಪುಟ್ಟ ಗುಗ್ಗೆಚಮಚ ಅಲ್ಲಿಯ ಒಣ ಹುಡಿಯನ್ನು ಕೆದಕಿ ತರಲು ಒದಗುವಷ್ಟು ನಮ್ಮ ಅಂಟುಗುಗ್ಗೆಗೆ ಒದಗದಿರುವುದರ ಕಾರಣವೂ ಇಲ್ಲಿದೆ. ಚುಚ್ಚಿಕೊಳ್ಳುವ ಅಪಾಯ ಮಾತ್ರ ಎರಡು ಕಡೆಯಲ್ಲಿಯೂ ಒಂದೇ.

ನಡೆಯುವ ಚರ್ಮ

ಮೈಮೇಲಿನ ಚರ್ಮ ಬೆಳೆಯುವುದು ಒಳಗಿನಿಂದ ಮೇಲಕ್ಕೆ. ಸತ್ತ ಪದರ ಮೇಲೆ ಬಂದು, ಬಟ್ಟೆಯ ಉಜ್ಜಾಟಕ್ಕೋ ಸ್ನಾನದ ತಿಕ್ಕಾಟಕ್ಕೋ ಸಿಕ್ಕಿ ಉದುರಿಹೋಗುತ್ತದೆ. ಒಂದು ಕಡೆ ಮುಚ್ಚಿದ ಕಿರಿದಾದ ನಾಳದೊಳಗೆ ಹೀಗೆ ಉದುರತೊಡಗಿದರೆ ಕೆಲವೇ ತಿಂಗಳುಗಳಲ್ಲಿ ನಾಳ ತುಂಬಿಹೋಗಬೇಕಷ್ಟೆ. ಉಜ್ಜುವುದಕ್ಕೆ ಅಲ್ಲಿ ಬಟ್ಟೆಯೂ ಇಲ್ಲ, ಕೈಯೂ ಇಲ್ಲ. ಆದರೂ ಜನ್ಮದಲ್ಲಿ ಒಮ್ಮೆಯೂ ಕಿವಿಗೆ ಕಡ್ಡಿ ಹಾಕದವರ ನಾಳ ತೆರೆದೇ ಇರುತ್ತದೆ. ಈ ಸೋಜಿಗವನ್ನು ಬಿಡಿಸುವುದಕ್ಕೆ ಪೀಟರ್ ಆಲ್ಬರ್ಟಿ ಎಂಬ ವೈದ್ಯರು, ಜೀವಂತ ಮನುಷ್ಯರ ಕಿವಿತಮಟೆಯ ಮೇಲೆ ಶಾಯಿಯ ಸಣ್ಣ ಚುಕ್ಕೆಗಳನ್ನಿಟ್ಟು, ದಿನಗಳು ಕಳೆದ ಹಾಗೆ ಆ ಚುಕ್ಕೆಗಳು ಎಲ್ಲಿಗೆ ಹೋಗುತ್ತವೆಂದು ಗಮನಿಸಿ 1964ರಲ್ಲಿ ತಾವು ಕಂಡುದನ್ನು ಪ್ರಕಟಿಸಿದರು. ಚುಕ್ಕೆಗಳು ಇಟ್ಟಲ್ಲಿ ನಿಲ್ಲಲಿಲ್ಲ; ತಮಟೆಯ ಮಧ್ಯದಿಂದ ಅಂಚಿಗೂ, ಅಂಚಿನಿಂದ ನಾಳದ ಗೋಡೆಗೂ ಸರಿದು, ಬಾಗಿಲಿನತ್ತ ಹೊರಟುವು. ಕಿವಿಯೊಳಗಿನ ಚರ್ಮ ಮೇಲಕ್ಕೆ ಬೆಳೆಯುವುದಷ್ಟೇ ಅಲ್ಲದೆ ಅಡ್ಡಲಾಗಿಯೂ ನಡೆಯುತ್ತದೆ. ಒಳಗಿನಿಂದ ಹೊರಗೆ, ನಿದ್ದೆಯಲ್ಲಿಯೂ ಎಚ್ಚರದಲ್ಲಿಯೂ. ಇದನ್ನು ನಾವು ಚರ್ಮದ ನಡೆ ಎಂದು ಕರೆಯೋಣ. ಇದರ ವೇಗ ದಿನಕ್ಕೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು, ಕೆಲವೆಡೆ ಅದಕ್ಕಿಂತಲೂ ಕಡಿಮೆ. ಉಗುರು ಬೆಳೆಯುವ ವೇಗವೂ ಹೆಚ್ಚುಕಡಿಮೆ ಇಷ್ಟೇ.

ಇದನ್ನು ಕಣ್ಣಿಗೆ ತಂದುಕೊಳ್ಳಬೇಕಾದರೆ, ಒಂದೇ ಬಾಗಿಲುಳ್ಳ ಉದ್ದನೆಯ ಇಕ್ಕಟ್ಟಿನ ಕೋಣೆಯೊಂದನ್ನು ಭಾವಿಸಿಕೊಳ್ಳಬೇಕು. ಅದರ ಹಿಂಗೋಡೆಯಿಂದ ಬಾಗಿಲವರೆಗೂ ಚಾಪೆಯೊಂದನ್ನು ಹಾಸಿದೆ. ಚಾಪೆಯ ಮೇಲೆ ಹೊಟ್ಟೂ ಕಾಳೂ ಹರಡಿವೆ. ಹಿಂಗೋಡೆಯ ಬಳಿ ಕುಳಿತ ನೇಕಾರನೊಬ್ಬ ಚಾಪೆಯನ್ನು ಎಡೆಬಿಡದೆ ಹೆಣೆಯುತ್ತಲೇ ಇದ್ದಾನೆ. ಹೆಣೆದಷ್ಟು ಚಾಪೆ ಬಾಗಿಲಿನ ಕಡೆಗೆ ಸರಿಯುತ್ತಲೇ ಇದೆ. ಕೋಣೆಯನ್ನು ಯಾರೂ ಗುಡಿಸುವುದಿಲ್ಲ, ಆದರೂ ಚಾಪೆಯ ಮೇಲಿದ್ದುದೆಲ್ಲವೂ ಒಂದಲ್ಲ ಒಂದು ದಿನ ಹೊಸ್ತಿಲಿಗೆ ಬಂದು ಸೇರುತ್ತದೆ. ಹೊಸ್ತಿಲಿನ ಬಳಿ ಗುಗ್ಗೆಗ್ರಂಥಿಗಳ ಜಿಡ್ಡು ಅದಕ್ಕೆ ಕೂಡಿಕೊಂಡು, ಮುಖ ತೊಳೆಯುವಾಗಲೋ ತಲೆ ಒರಸುವಾಗಲೋ ನಮಗರಿವಿಲ್ಲದೆ ಕಳಚಿ ಬೀಳುತ್ತದೆ. ಊಟಮಾಡುವಾಗ, ಮಾತಾಡುವಾಗ ದವಡೆಯಾಡುವುದರಿಂದ ನಾಳದ ಗೋಡೆ ತುಸು ಅಲುಗಿ ಇದಕ್ಕೆ ನೆರವಾಗುವುದೆಂದು ಹೇಳುವುದುಂಟು. ಆದರೆ ಮುಖ್ಯವಾದ ಶಕ್ತಿ ಚರ್ಮದ ನಡೆಯದೇ.

ಹೊರದಾರಿಯೇ ಇಲ್ಲದ ಕಿವಿಯಲ್ಲಿ ಏನಾಗುತ್ತದೆಂಬುದಕ್ಕೆ ತಿಮಿಂಗಿಲ ದೃಷ್ಟಾಂತ. ನೀಲಿ ತಿಮಿಂಗಿಲದ ಕಿವಿನಾಳ ಹೊರಗೆ ತೆರೆದಿಲ್ಲವಾದುದರಿಂದ ಅದರ ಗುಗ್ಗೆ ಹುಟ್ಟಿದಾರಭ್ಯ ಪದರಪದರವಾಗಿ ಒಳಗೇ ಶೇಖರವಾಗುತ್ತದೆ. 2007ರಲ್ಲಿ ಕ್ಯಾಲಿಫೋರ್ನಿಯದ ಕರಾವಳಿಯಲ್ಲಿ ಹಡಗು ತಾಕಿ ಸತ್ತ ಒಂದು ಗಂಡು ತಿಮಿಂಗಿಲದ ಕಿವಿಯಿಂದ ತೆಗೆದ ಗುಗ್ಗೆಯ ಬಿರಟೆ ಸುಮಾರು 25 ಸೆಂಟಿಮೀಟರು ಉದ್ದವಿತ್ತು. ಅಮೆರಿಕದ ಬೇಲರ್ ವಿಶ್ವವಿದ್ಯಾನಿಲಯದ ಟ್ರಂಬಲ್ ಮತ್ತು ಯುಸೆಂಕೊ ಅವರ ತಂಡ ಅದರ ಪದರಗಳನ್ನು ಬಿಡಿಸಿ ನೋಡಿ, ಆ ಪ್ರಾಣಿ ಸುಮಾರು 12 ವರ್ಷಗಳ ತನ್ನ ಬಾಳಿನಲ್ಲಿ ಯಾವಾಗ ಪ್ರಾಯಕ್ಕೆ ಬಂದಿತು, ಯಾವಾಗ ಕ್ಲೇಶಪಟ್ಟಿತು, ಡಿಡಿಟಿಯಂತಹ ವಿಷಗಳನ್ನು ತಾಯಿಯಿಂದ ಎಷ್ಟು ಪಡೆಯಿತು ಎಂಬುದನ್ನೆಲ್ಲ 2013ರಲ್ಲಿ ಹೇಳಬಲ್ಲವರಾದರು. ಮನುಷ್ಯನ ಕಿವಿ ಇಂತಹ ಚರಿತ್ರೆಯನ್ನು ಬರೆದಿಡುವುದಿಲ್ಲ. ಅದರ ಪದರಗಳು ನಿಲ್ಲದೆ ಹೊರಟುಹೋಗುತ್ತಿರುತ್ತವೆ.

ಕಡ್ಡಿ ಮಾಡುವ ಕೆಲಸ

ಈಗ ಆ ಕೋಣೆಯ ಬಾಗಿಲಿನಿಂದ ಒಬ್ಬನು ಪೊರಕೆ ಹಿಡಿದು ಒಳಹೊಕ್ಕನೆಂದು ತಿಳಿಯೋಣ. ಕೋಣೆಯಲ್ಲಿ ತಿರುಗುವುದಕ್ಕೆ ಸ್ಥಳವಿಲ್ಲ. ಅವನು ಮುಂದೆ ಸಾಗಿದಂತೆಲ್ಲ ಪೊರಕೆ ಹೊಟ್ಟನ್ನು ಹಿಂಗೋಡೆಯ ಕಡೆಗೆ ತಳ್ಳುತ್ತದೆ. ಹಿಂದೆ ಬರುವಾಗ ಪೊರಕೆಯ ತುದಿಗೆ ಅಂಟಿಕೊಂಡ ಸ್ವಲ್ಪವನ್ನು ತಂದು, ಗುಡಿಸಿದ್ದೇನೆಂದು ಸಮಾಧಾನಪಡುತ್ತಾನೆ. ಹತ್ತಿಕಡ್ಡಿಯ ತುದಿಯಲ್ಲಿ ಕಾಣುವ ಕಂದು ಕಲೆ ನಮಗೆ ಕೊಡುವ ಸಮಾಧಾನ ಇಂಥದೇ. ಬಂದುದಕ್ಕಿಂತ ಹೆಚ್ಚಿನದು ಒಳಕ್ಕೆ ಹೋಗಿ, ತೆಳುಚರ್ಮದ ಮೂಳೆಭಾಗವನ್ನು ಸೇರಿ, ಅಲ್ಲಿ ಗಟ್ಟಿಯಾಗಿ, ಚರ್ಮದ ನಡೆಯಿಂದ ಎಳೆಯಲಾಗದಷ್ಟು ಭಾರವಾದ ಬಿರಟೆಯಾಗುತ್ತದೆ. ಬೆಂಕಿಕಡ್ಡಿ, ಪಿನ್ನು, ಬೀಗದ ಕೈ, ಪೆನ್ನಿನ ಮುಚ್ಚಳದ ಬಾಲ, ಕೋಳಿಯ ಗರಿ, ಇವೆಲ್ಲವೂ ಮಾಡುವುದು ಇದನ್ನೇ. ಮೇಲಾಗಿ ಗಟ್ಟಿ ತುದಿಯುಳ್ಳವು ಚರ್ಮವನ್ನು ಕೆರೆದು ಸೋಂಕಿಗೆ ದಾರಿ ಮಾಡುತ್ತವೆ. ಕಿವಿಯೊಳಗನ್ನು ನೋಡುವ ಕಣ್ಣಿಲ್ಲದ ನಮ್ಮ ಕೈಗೆ ತಮಟೆ ಎಷ್ಟು ಸಮೀಪದಲ್ಲಿದೆಯೆಂಬುದು ಗೊತ್ತಾಗುವುದಿಲ್ಲ. ಬಾಗಿಲಿನಿಂದ ಎರಡೂವರೆ ಸೆಂಟಿಮೀಟರಿನಾಚೆ ಅದು ಇದೆ. ಪಕ್ಕದವರ ಮೊಣಕೈ ತಗುಲಿದರೂ ಸಾಕು, ಮಗುವೊಂದು ಓಡಿಬಂದು ತೊಡರಿದರೂ ಸಾಕು, ಕಡ್ಡಿ ಅದನ್ನು ಹರಿಯುತ್ತದೆ.

ಹತ್ತಿಕಡ್ಡಿಯನ್ನು ನಿರಪಾಯವೆಂದು ಭಾವಿಸುವ ತಾಯ್ತಂದೆಯರಿಗೆ ಒಂದು ಸಂಖ್ಯೆಯನ್ನು ಹೇಳಬೇಕಾಗಿದೆ. ಅಮೆರಿಕದಲ್ಲಿ 1990ರಿಂದ 2010ರವರೆಗಿನ ಅವಧಿಯಲ್ಲಿ ಹತ್ತಿಕಡ್ಡಿಯಿಂದಾದ ಕಿವಿಯ ಗಾಯಗಳಿಗಾಗಿ ತುರ್ತುಚಿಕಿತ್ಸೆಗೆ ಬಂದ ಮಕ್ಕಳ ಸಂಖ್ಯೆ ಸುಮಾರು 2,63,000 ಎಂದು ಒಹಾಯೊದ ಮಕ್ಕಳ ಆಸ್ಪತ್ರೆಯೊಂದರ ಸಂಶೋಧಕರು 2017ರಲ್ಲಿ ಅಂದಾಜು ಮಾಡಿದರು. ಅವುಗಳಲ್ಲಿ ನೂರಕ್ಕೆ 73 ಗಾಯಗಳು ಆದುದು ಕಿವಿಯನ್ನು ಶುಚಿಮಾಡುವಾಗಲೇ.

ಹೀಗಿದ್ದರೂ ಕಡ್ಡಿಯ ಚಪಲ ನಮ್ಮನ್ನು ಬಿಡದಿರುವುದಕ್ಕೆ ಕಾರಣ ಅಲ್ಲಿಯ ಚರ್ಮದ ನರಸಮೃದ್ಧಿ. ಹೃದಯ, ಶ್ವಾಸಕೋಶ, ಜಠರಗಳಿಗೆ ಹೋಗುವ ವೇಗಸ್ ಎಂಬ ದೀರ್ಘನರದ ಒಂದು ಕವಲು ಕಿವಿನಾಳಕ್ಕೂ ಬಂದಿದೆ. ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಆರ್ನಲ್ಡ್ ಅವರ ಹೆಸರು ಅದಕ್ಕಿದೆ. ಕಿವಿಗೆ ಕಡ್ಡಿ ಹಾಕಿದೊಡನೆ ಕೆಲವರಿಗೆ ಕೆಮ್ಮು ಬರುವುದು ಈ ಕವಲಿನ ಮೂಲಕವೇ. ಕೆದಕುವಾಗಿನ ಹಿತ ನಿಜವಾದುದು. ಆದರೆ ಹಿತವಾದುದು ಶುಚಿಗೆ ಪ್ರಮಾಣವಲ್ಲ.

ಎಣ್ಣೆಯ ಪಾಲು, ನೀರಿನ ಪಾಲು

ಗಟ್ಟಿಯಾದ ಗುಗ್ಗೆಯನ್ನು ಮೊದಲು ಮೆತ್ತಗೆ ಮಾಡಿ ಆಮೇಲೆ ತೆಗೆಯಬೇಕೆಂಬ ತಿಳಿವಳಿಕೆ ಹಳೆಯದು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಕರ್ಣಗೂಥವೆಂಬ ಹೆಸರಿನಿಂದ ಈ ತೊಂದರೆಯನ್ನು ಹೇಳಿ, ಎಣ್ಣೆಯಿಂದ ನೆನೆಸಿ, ಸ್ವೇದನದ ಶಾಖದಿಂದ ಸಡಿಲಿಸಿ, ಬಳಿಕ ಶಲಾಕೆಯಿಂದ ಶೋಧಿಸಬೇಕೆಂದು ವಿಧಿಸಿದೆ. ಆ ಶಲಾಕೆಯನ್ನು ಹಿಡಿಯಬೇಕಾದವನು ವೈದ್ಯನೇ ಎಂಬುದನ್ನೂ ಅಲ್ಲಿ ಹೇಳಿದೆ ಎಂಬುದು ಗಮನಾರ್ಹ. ಕ್ರಿಸ್ತಶಕ ಒಂದನೆಯ ಶತಮಾನದ ರೋಮಿನಲ್ಲಿ ಸೆಲ್ಸಸ್ ಎಂಬ ಗ್ರಂಥಕಾರನು ಒಣಗಿದ ಗುಗ್ಗೆಗೆ ಬಿಸಿ ಎಣ್ಣೆಯನ್ನು, ಇಲ್ಲವೇ ಜೇನುಬೆರೆತ ದ್ರಾಕ್ಷಾರಸದಲ್ಲಿ ಕದಡಿದ ಸೋಡಾಕ್ಷಾರವನ್ನು ಹನಿಸಿ, ಸಡಿಲವಾದ ಮೇಲೆ ಉಗುರುಬೆಚ್ಚನೆಯ ನೀರಿನಿಂದ ತೊಳೆಯಬೇಕೆಂದು ಬರೆದನು. ಎರಡು ಸಾವಿರ ವರ್ಷಗಳ ತರುವಾಯವೂ ನಮ್ಮ ಆಸ್ಪತ್ರೆಗಳ ಔಷಧಾಲಯದಲ್ಲಿ ಸೋಡಾ ಮತ್ತು ಗ್ಲಿಸರಿನ್ ಸೇರಿದ ಕಿವಿಹನಿಯನ್ನು ಕೊಡುತ್ತಿರುವುದು ಇದರ ಮುಂದುವರಿಕೆಯೇ ಸರಿ.

ಇವುಗಳಲ್ಲಿ ಎಣ್ಣೆಯ ಪಾಲೆಷ್ಟು, ನೀರಿನ ಪಾಲೆಷ್ಟು? ಗುಗ್ಗೆ ಬರಿಯ ಜಿಡ್ಡಾಗಿದ್ದರೆ ಎಣ್ಣೆಯೇ ಅದನ್ನು ಕರಗಿಸಬೇಕಾಗಿತ್ತು. 1989ರಲ್ಲಿ ರಾಬಿನ್‌ಸನ್ ಮತ್ತು ಹಾಕ್ ಎಂಬ ವೈದ್ಯರು ಗುಗ್ಗೆಯ ಬಿರಟೆಗಳನ್ನು ಬೇರೆಬೇರೆ ದ್ರವಗಳಲ್ಲಿ ನೆನೆಯಿಟ್ಟು ನೋಡಿದಾಗ, ಎಣ್ಣೆಯಲ್ಲಿದ್ದುವು ಬಿರಟೆಯಾಗಿಯೇ ಉಳಿದುವು. ಅಡಿಗೆ ಸೋಡಾ ಕದಡಿದ ನೀರಿನಲ್ಲಿದ್ದುವು ಬಿರಿದು ಚೂರುಚೂರಾದುವು. ಕಾರಣ, ಬಿರಟೆಯ ದೇಹ ಚರ್ಮದ ಹೊಟ್ಟಿನದು, ಮತ್ತು ಕೆರಾಟಿನ್ ತುಂಬಿದ ಹೊಟ್ಟು ನೀರನ್ನು ಹೀರುತ್ತದೆ, ಎಣ್ಣೆಯನ್ನು ಹೀರುವುದಿಲ್ಲ. ಹಿಮ್ಮಡಿಯ ಒರಟು ಚರ್ಮ ನೀರಿನಲ್ಲಿ ನೆನೆದಾಗ ಬೆಳ್ಳಗಾಗಿ ಉಬ್ಬಿ ಉಜ್ಜಿದರೆ ಉದುರುವುದನ್ನು ಎಲ್ಲರೂ ಕಂಡಿದ್ದಾರೆ. ಅಲ್ಲಿ ನಡೆಯುವುದೂ ಇದೇ, ವಸ್ತುವೂ ಇದೇ. ನೀರು ಹಾಳೆಹಾಳೆಗಳ ನಡುವೆ ನುಸುಳಿ, ಒಂದೊಂದು ಹಾಳೆಯನ್ನೂ ಉಬ್ಬಿಸುತ್ತ ಹೋಗಿ, ಕಡೆಗೆ ಅವುಗಳ ಹಿಡಿತವನ್ನೇ ಬಿಡಿಸುತ್ತದೆ. ಸೋಡಾದ ಕ್ಷಾರಗುಣ ಈ ಬಿಡಿಸುವಿಕೆಯನ್ನು ತ್ವರೆಗೊಳಿಸುತ್ತದೆ.

ಸ್ನಾನದ ತರುವಾಯ ಕಿವಿ ಮುಚ್ಚಿಹೋಗುವುದರ ಮರ್ಮವೂ ಇಷ್ಟರಿಂದ ತಿಳಿಯುತ್ತದೆ. ನಾಳದ ಬಹುಭಾಗವನ್ನು ಗುಗ್ಗೆ ಆಕ್ರಮಿಸಿದ್ದರೂ ಕೂದಲೆಳೆಯಷ್ಟು ಸಂದು ಉಳಿದಿರುವವರೆಗೆ ಶಬ್ದ ಹೆಚ್ಚಿನ ಅಡ್ಡಿಯಿಲ್ಲದೆ ತಮಟೆಯನ್ನು ಮುಟ್ಟುತ್ತದೆ. ಆದುದರಿಂದ ಕಿವಿ ಮುಕ್ಕಾಲು ತುಂಬಿರುವುದು ನಮಗೆ ಗೊತ್ತೇ ಆಗುವುದಿಲ್ಲ. ಸ್ನಾನದ ನೀರು ಹೊಕ್ಕಾಗ ಹೊಟ್ಟು ಅದನ್ನು ಹೀರಿ ತುಸು ಉಬ್ಬುತ್ತದೆ. ಆ ತುಸುವೇ ಉಳಿದಿದ್ದ ಸಂದನ್ನು ಮುಚ್ಚುತ್ತದೆ. ಹೊರಗಿನ ಶಬ್ದ ಒಳಗೆ ಬಾರದೆ, ಗಂಟಲಿನಿಂದ ಮೂಳೆಯ ಮೂಲಕ ನಾಳಕ್ಕೆ ಬಂದ ನಮ್ಮ ದನಿಯ ಕಂಪನ ಹೊರಗೆ ಹೋಗದೆ, ಅಲ್ಲಿಯೇ ಮೊಳಗುತ್ತದೆ. ಇನ್ನಷ್ಟು ನೀರು, ಇನ್ನಷ್ಟು ಹೊತ್ತು ಸಿಕ್ಕಿದ್ದರೆ ಉಬ್ಬಿದ ಹೊಟ್ಟು ಬಿರಿದು ಸಡಿಲವಾಗುತ್ತಿತ್ತು. ಕಿವಿಹನಿ ಹಾಕತೊಡಗಿದ ಮೊದಲ ದಿನ ಕಿವಿ ಇನ್ನಷ್ಟು ಮಂದವಾಯಿತೆಂದು ಹೆದರಿ ಔಷಧವನ್ನು ನಿಲ್ಲಿಸುವವರು ಇದನ್ನು ಮನಸ್ಸಿನಲ್ಲಿಡಬೇಕು.

ಹಾಗಾದರೆ ಎಣ್ಣೆ ವ್ಯರ್ಥವೆ? ಪೂರ್ತಿಯಾಗಿ ಹಾಗೆನ್ನಲಾಗದು. ಅದು ಬಿರಟೆಯ ಮೇಲ್ಮೈಯನ್ನು ಮೆದುಗೊಳಿಸಿ, ಬಿರಟೆಗೂ ಗೋಡೆಗೂ ನಡುವೆ ಜಾರುವ ಗುಣವನ್ನು ತರುತ್ತದೆ. ಒಣಗಿ ನವೆಯೇಳುವ ಚರ್ಮಕ್ಕೆ ಹಿತವಾಗುತ್ತದೆ. ಜೊತೆಗೆ ಕಾಲವೂ ಕೆಲಸ ಮಾಡುತ್ತದೆಂಬುದನ್ನು ಮರೆಯಬಾರದು. ಕಿವಿಹನಿಗಳ ಕುರಿತು ನಡೆದ ಪರೀಕ್ಷೆಗಳನ್ನೆಲ್ಲ ತೂಗಿನೋಡಿದ ಕಾಕ್ರೇನ್ ಸಂಸ್ಥೆಯ 2018ರ ಸಮೀಕ್ಷೆಯಲ್ಲಿ 10 ಅಧ್ಯಯನಗಳೂ 623 ಮಂದಿಯೂ ಸೇರಿದ್ದರು. ಅವುಗಳಲ್ಲೊಂದರಲ್ಲಿ, ಐದು ದಿನ ಯಾವುದಾದರೊಂದು ಹನಿಯನ್ನು ಹಾಕಿಕೊಂಡವರ ಕಿವಿಗಳಲ್ಲಿ ನೂರಕ್ಕೆ 22, ಏನೂ ಹಾಕಿಕೊಳ್ಳದವರ ಕಿವಿಗಳಲ್ಲಿ ನೂರಕ್ಕೆ 5 ಸಂಪೂರ್ಣ ತೆರವಾದುವು. ಇಲ್ಲಿ ಎರಡು ಸಂಗತಿಗಳನ್ನು ಕಾಣಬೇಕು. ಹನಿಯಿಂದ ಪ್ರಯೋಜನವುಂಟು, ಆದರೆ ಐದು ದಿನಗಳಲ್ಲಿ ಅದು ಐದರಲ್ಲಿ ಒಂದು ಕಿವಿಯನ್ನಷ್ಟೇ ತೆರೆಯಿತು. ಒಂದು ಬಗೆಯ ಹನಿ ಇನ್ನೊಂದಕ್ಕಿಂತ, ಅಥವಾ ಬರಿಯ ನೀರಿಗಿಂತ ಮೇಲೆಂಬುದಕ್ಕೆ ಆ ಸಮೀಕ್ಷೆಗೆ ಆಧಾರ ಸಿಗಲಿಲ್ಲ. ನೆದರ್ಲೆಂಡ್ಸಿನ ವೈದ್ಯರು 2001ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಪಿಚಕಾರಿಗೆ ಬಗ್ಗದ ಗುಗ್ಗೆಯುಳ್ಳ ಕೆಲವರನ್ನು ಮನೆಗೆ ಕಳುಹಿಸಿ ಮೂರು ದಿನ ಎಣ್ಣೆ ಹಾಕಿಕೊಳ್ಳುವಂತೆ ಹೇಳಿದರು. ಉಳಿದವರ ಕಿವಿಗೆ ಅಲ್ಲೇ ನೀರು ತುಂಬಿ ಹದಿನೈದು ನಿಮಿಷ ಕುಳ್ಳಿರಿಸಿದರು. ಆಮೇಲೆ ಪಿಚಕಾರಿಗೆ ಎರಡು ಗುಂಪಿನವರ ಗುಗ್ಗೆಯೂ ಸರಿಸುಮಾರು ಒಂದೇ ಪ್ರಯಾಸದಲ್ಲಿ ಬಂದಿತು. ಬೆಚ್ಚಗಿನ ನೀರಿನ ಹದಿನೈದು ನಿಮಿಷ ಎಣ್ಣೆಯ ಮೂರು ದಿನಕ್ಕೆ ಸಮವಾಯಿತು.

ಕಾಯಿಸಿದ ಎಣ್ಣೆಯ ವಿಷಯದಲ್ಲಿ ಎರಡು ಎಚ್ಚರಗಳು ಅಗತ್ಯ. ಮುಂಗೈಗೆ ಹಿತವೆನಿಸುವ ಶಾಖ ಕಿವಿಯ ತೆಳುಚರ್ಮಕ್ಕೆ ಹೆಚ್ಚಾಗಬಹುದು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯಲ್ಲಂತೂ ಶಾಖದ ಜೊತೆಗೆ ಚರ್ಮವನ್ನು ಸುಡುವ ಬೆಳ್ಳುಳ್ಳಿಯ ಖಾರವೂ ಇದ್ದು, ಗುಗ್ಗೆಯ ಮೇಲೆ ಅದರಿಂದ ಯಾವ ಪರಿಣಾಮವೂ ಆಗುವುದಿಲ್ಲ. ಎರಡನೆಯದು ನಮ್ಮ ಹವೆಗೆ ಸಂಬಂಧಿಸಿದುದು. ತೇವ ತುಂಬಿದ ಕರಾವಳಿಯ ಮಳೆಗಾಲದಲ್ಲಿ ಕಿವಿಯೊಳಗೆ ಬೂಷ್ಟು ಬೆಳೆದು ನವೆಯೂ ನೋವೂ ತರುವುದು ಸಾಮಾನ್ಯ. ಕಿವಿಗೆ ಪದೇಪದೇ ಎಣ್ಣೆ ಬಿಡುವ ಅಭ್ಯಾಸ ಅದಕ್ಕೆ ಅನುಕೂಲ ಮಾಡುವ ಕಾರಣಗಳಲ್ಲೊಂದೆಂದು ಕಿವಿಯ ವೈದ್ಯರು ಹೇಳುತ್ತಾರೆ. ಬಾಣಂತಿಕೋಣೆಯಲ್ಲಿ ಕೂಸಿಗೆ ಎಣ್ಣೆ ತಿಕ್ಕುವ ಅಜ್ಜಿಯರ ಕೈಯ ವಾತ್ಸಲ್ಯಕ್ಕೆ ನಮಸ್ಕಾರ. ಆ ಕೈ ಕೂಸಿನ ಕಿವಿಯ ಹಾಲೆಗೆ ಎಣ್ಣೆ ಸವರಿ ಅಲ್ಲಿಯೇ ನಿಲ್ಲಬೇಕು.

ನೊರೆಯೂ ಮೇಣದ ಬತ್ತಿಯೂ

ಗಾಯ ತೊಳೆಯುವ ಹೈಡ್ರೊಜನ್ ಪೆರಾಕ್ಸೈಡನ್ನು ಕಿವಿಗೆ ಬಿಟ್ಟಾಗ ಭೊರ್ರೆಂದು ನೊರೆಯೇಳುವುದು ನೋಡುವವರಿಗೆ ಬಹಳ ವಿಶ್ವಾಸ ತರುತ್ತದೆ. ಚರ್ಮದಲ್ಲಿರುವ ಒಂದು ಕಿಣ್ವ ಅದನ್ನು ನೀರನ್ನಾಗಿಯೂ ಆಮ್ಲಜನಕವನ್ನಾಗಿಯೂ ಒಡೆಯುವುದರಿಂದ ಈ ನೊರೆ ಏಳುತ್ತದೆ. ಗುಳ್ಳೆಗಳು ಬಿರಟೆಯನ್ನು ತುಸು ಸಡಿಲಿಸುತ್ತವೆ, ಉಳಿದ ನೀರು ತನ್ನ ಕೆಲಸ ಮಾಡುತ್ತದೆ. ಉಪಯೋಗವುಂಟು, ಪದೇಪದೇ ಹಾಕಿದರೆ ಚರ್ಮ ಉರಿಯುವುದೂ ಉಂಟು.

ಪಟ್ಟಣಗಳ ಸೌಂದರ್ಯಗೃಹಗಳಲ್ಲಿಯೂ ಹೊರದೇಶಗಳಲ್ಲಿಯೂ ಪ್ರಚಾರದಲ್ಲಿರುವ ಕಿವಿಬತ್ತಿಯ ಉಪಚಾರಕ್ಕೆ ಇಷ್ಟು ಸಮಾಧಾನವನ್ನೂ ಹೇಳಲಾಗದು. ಮೇಣ ಹಚ್ಚಿದ ಬಟ್ಟೆಯ ಟೊಳ್ಳು ಬತ್ತಿಯೊಂದನ್ನು ಕಿವಿಯಲ್ಲಿ ನಿಲ್ಲಿಸಿ ಮೇಲಿನ ತುದಿಗೆ ಬೆಂಕಿಯಿಟ್ಟರೆ, ಬಿಸಿಗಾಳಿ ಮೇಲೇರುವುದರಿಂದ ಕೆಳಗೆ ಸೆಳೆತವುಂಟಾಗಿ ಗುಗ್ಗೆ ಮೇಲೆ ಬರುತ್ತದೆಂಬುದು ಅದರ ವಾದ. ಉರಿದ ಮೇಲೆ ಬತ್ತಿಯನ್ನು ಬಿಚ್ಚಿ ತೋರಿಸುವ ಕಂದು ಪುಡಿಯನ್ನು ಸಾಕ್ಷ್ಯವಾಗಿ ಮುಂದಿಡುತ್ತಾರೆ. 1996ರಲ್ಲಿ ಅಮೆರಿಕದ ಸೀಲಿ, ಕ್ವಿಗ್ಲಿ, ಲ್ಯಾಂಗ್‌ಮನ್ ಎಂಬ ವೈದ್ಯರು ಬತ್ತಿ ಉರಿಯುವಾಗ ಒಳಗಿನ ಒತ್ತಡವನ್ನು ಅಳೆದು ನೋಡಿದರು: ಸೆಳೆತ ಎಳ್ಳಷ್ಟೂ ಇರಲಿಲ್ಲ. ಉರಿಸಿದ ಕಿವಿಗಳಿಂದ ಗುಗ್ಗೆ ಬರಲಿಲ್ಲ. ಬದಲಾಗಿ ಕೆಲವು ಕಿವಿಗಳಿಗೆ ಬತ್ತಿಯ ಮೇಣ ಸುರಿದಿತ್ತು. ಕಂದು ಪುಡಿ ಬತ್ತಿಯದೇ ಹೊರತು ಕಿವಿಯದಲ್ಲ. ಅವರು ವಿಚಾರಿಸಿದ 122 ಕಿವಿವೈದ್ಯರಿಗೆ ಇಂತಹ ಬತ್ತಿಗಳಿಂದಾದ 21 ಗಾಯಗಳು ಗೊತ್ತಿದ್ದುವು, ಹೆಚ್ಚಿನವು ಸುಟ್ಟಗಾಯಗಳು. ಈ ಉಪಚಾರಕ್ಕೆ ಅಮೆರಿಕದ ಹೋಪಿ ಬುಡಕಟ್ಟಿನ ಹೆಸರನ್ನು ಅಂಟಿಸಿ ಮಾರುತ್ತಾರೆ. ತಮ್ಮಲ್ಲಿ ಇಂಥ ಪದ್ಧತಿಯೇ ಇಲ್ಲವೆಂದು ಹೋಪಿ ಜನ ಹೇಳಿದ್ದಾರೆ.

ಪಿಚಕಾರಿಯ ನೀತಿ

ವೈದ್ಯರ ಪಿಚಕಾರಿಗೂ ನಮ್ಮ ಕಡ್ಡಿಗೂ ಇರುವ ಭೇದವೆಂದರೆ ದಿಕ್ಕಿನದು. ಅವರು ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ನಾಳದ ಬಳುಕನ್ನು ನೇರಮಾಡಿ, ನೀರನ್ನು ತಮಟೆಗೆ ಗುರಿಯಿಡದೆ ನಾಳದ ಮೇಲುಗೋಡೆಗೆ ಹಾಯಿಸುತ್ತಾರೆ. ನೀರು ಗೋಡೆಯನ್ನು ಸವರಿಕೊಂಡು ಬಿರಟೆಯ ಹಿಂದಕ್ಕೆ ಹೋಗಿ, ಅಲ್ಲಿಂದ ತಿರುಗಿ ಹೊರಬರುವಾಗ ಬಿರಟೆಯನ್ನು ಮುಂದೆಮಾಡಿಕೊಂಡು ಬರುತ್ತದೆ. ಚರ್ಮದ ನಡೆ ಯಾವ ದಿಕ್ಕಿನದೋ ಆ ದಿಕ್ಕಿನಲ್ಲೇ ಇದೂ ಸಾಗುತ್ತದೆ. ಮನೆಯಲ್ಲಿಯೇ ಮೃದುವಾದ ರಬ್ಬರಿನ ಬುರುಡೆಯಿಂದ ಬೆಚ್ಚಗಿನ ನೀರನ್ನು ಹಾಯಿಸಿಕೊಳ್ಳುವುದನ್ನು ಇಂಗ್ಲೆಂಡಿನಲ್ಲಿ ಪರೀಕ್ಷಿಸಿದಾಗ, ಗಣನೀಯ ಪಾಲಿನವರಿಗೆ ಮತ್ತೆ ಚಿಕಿತ್ಸಾಲಯಕ್ಕೆ ಹೋಗುವ ಅಗತ್ಯ ಬೀಳಲಿಲ್ಲ. ಮನೆಮದ್ದುಗಳಲ್ಲಿ ನನಗೆ ಯುಕ್ತವಾಗಿ ತೋರುವುದು ಇದೊಂದೇ: ಕೆಲವು ದಿನ ಕಿವಿಹನಿ ಅಥವಾ ಉಪ್ಪುನೀರು, ಆಮೇಲೆ ಮೆಲ್ಲನೆಯ ಬೆಚ್ಚಗಿನ ನೀರು.

ನೀರು ಮೈಯ ಶಾಖದಷ್ಟೇ ಬೆಚ್ಚಗಿರಬೇಕೆಂಬ ನಿಯಮದ ಹಿಂದೆ ಒಂದು ಕಥೆಯುಂಟು. ವಿಯೆನ್ನಾದ ಯುವವೈದ್ಯ ರಾಬರ್ಟ್ ಬಾರಾನಿ ರೋಗಿಗಳ ಕಿವಿ ತೊಳೆಯುತ್ತಿದ್ದಾಗ ಹಲವರಿಗೆ ತಲೆಸುತ್ತು ಬರುತ್ತಿತ್ತು, ಕಣ್ಣುಗುಡ್ಡೆಗಳು ಒಂದೇ ಕಡೆಗೆ ಎಳೆದೆಳೆದು ಚಲಿಸುತ್ತಿದ್ದುವು. ನೀರು ಸಾಕಷ್ಟು ಬೆಚ್ಚಗಿಲ್ಲದಿದ್ದಾಗ ಮಾತ್ರ ತನಗೆ ಹೀಗಾಗುತ್ತದೆಂದು ರೋಗಿಯೊಬ್ಬನು ಹೇಳಿದ ಮಾತನ್ನು ಬಾರಾನಿ ಲಕ್ಷ್ಯಕ್ಕೆ ತಂದುಕೊಂಡರು. ತಣ್ಣೀರನ್ನೂ ಬಿಸಿನೀರನ್ನೂ ಹಾಕಿ ನೋಡಿದಾಗ ಕಣ್ಣಿನ ಚಲನೆ ವಿರುದ್ಧ ದಿಕ್ಕುಗಳಲ್ಲಿ ಕಂಡಿತು. ನಮ್ಮ ಸಮತೋಲವನ್ನು ಕಾಯುವ ಒಳಗಿವಿಯ ಬಾಗುನಾಳಗಳಲ್ಲಿ ದ್ರವವಿದೆ. ನಾಳದ ಒಂದು ಪಕ್ಕ ತಣ್ಣಗಾದರೆ ಅಲ್ಲಿಯ ದ್ರವ ಭಾರವಾಗಿ ಇಳಿಯುತ್ತದೆ, ಬಿಸಿಯಾದರೆ ಹಗುರಾಗಿ ಏರುತ್ತದೆ. ಕುಳಿತಲ್ಲೇ ಕುಳಿತಿದ್ದರೂ ತಲೆ ತಿರುಗುತ್ತಿದೆಯೆಂಬ ಸುಳ್ಳುಸುದ್ದಿ ಮಿದುಳಿಗೆ ಮುಟ್ಟುತ್ತದೆ. ಈ ಶೋಧನೆ ಅವರಿಗೆ 1914ನೆಯ ವರ್ಷದ ನೊಬೆಲ್ ಬಹುಮಾನವನ್ನು ತಂದಿತು. ಆ ಸುದ್ದಿ ಬಂದಾಗ ಅವರು ರಷ್ಯದಲ್ಲಿ ಯುದ್ಧಕೈದಿಯಾಗಿದ್ದರು. ಕಿವಿ ತೊಳೆಯುವ ಸಾಧಾರಣ ಕೆಲಸದಲ್ಲಿ ರೋಗಿಯ ಒಂದು ಮಾತನ್ನು ಕೇಳಿಸಿಕೊಂಡುದರ ಫಲ ಇದು.

ಯಾರು ಮುಟ್ಟಬಾರದು

ತಮಟೆಯಲ್ಲಿ ತೂತಿರುವವರು, ಕಿವಿ ಸೋರುವವರು, ಕಿವಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ನೀರನ್ನಾಗಲಿ ಎಣ್ಣೆಯನ್ನಾಗಲಿ ತಾವಾಗಿ ಕಿವಿಗೆ ಹಾಕಿಕೊಳ್ಳತಕ್ಕದ್ದಲ್ಲ. ದ್ರವ ತೂತಿನ ಮೂಲಕ ತಮಟೆಯ ಹಿಂದಿನ ನಡುಗಿವಿಗೆ ಸೋಂಕನ್ನು ಒಯ್ಯಬಹುದು. ಮಧುಮೇಹಿಗಳ ಕಿವಿಯಲ್ಲಿ ಸಣ್ಣ ಗಾಯವೂ ಮೂಳೆಯವರೆಗೆ ಇಳಿಯುವ ಘೋರ ಸೋಂಕಾಗಬಹುದಾದುದರಿಂದ ಅವರೂ ವೈದ್ಯರ ಕೈಯಲ್ಲಿಯೇ ಶುಚಿಮಾಡಿಸಿಕೊಳ್ಳಬೇಕು. ಇನ್ನೊಂದು ಪ್ರಸಂಗವಂತೂ ಇವೆಲ್ಲಕ್ಕಿಂತ ತುರ್ತಿನದು. ಒಳಗಿವಿಯ ನರಸಂಬಂಧವಾದ ಕಿವುಡು ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ ಒಂದು ಕಿವಿಗೆ ಬರುತ್ತದೆ. ಅನುಭವಿಸುವವರಿಗೆ ಅದೂ ಕಿವಿ ಕಟ್ಟಿಕೊಂಡ ಹಾಗೆಯೇ ತೋರುತ್ತದೆ. ವೈದ್ಯರು ಕಂಪಿಸುವ ಶ್ರುತಿಕವೆಯೊಂದನ್ನು ಹಣೆಯ ಮೇಲಿಟ್ಟು ಯಾವ ಕಿವಿಯಲ್ಲಿ ನಾದ ಹೆಚ್ಚೆಂದು ಕೇಳುತ್ತಾರೆ: ಗುಗ್ಗೆ ಕಟ್ಟಿದ್ದರೆ ನಾದ ಕಟ್ಟಿದ ಕಿವಿಗೆ ವಾಲುತ್ತದೆ, ನರ ಸೋತಿದ್ದರೆ ಒಳ್ಳೆಯ ಕಿವಿಗೆ ವಾಲುತ್ತದೆ. ಎರಡನೆಯದಾಗಿದ್ದರೆ ಚಿಕಿತ್ಸೆ ಚೆನ್ನಾಗಿ ಫಲಿಸುವುದು ಮೊದಲ ಎರಡು ವಾರಗಳೊಳಗೆ. ಆ ದಿನಗಳನ್ನು ಎಣ್ಣೆ ಬಿಟ್ಟು ಕಾಯುತ್ತ ಕಳೆಯಬಾರದು.

ವೃದ್ಧರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ವಯಸ್ಸಾದಂತೆ ಗುಗ್ಗೆಗ್ರಂಥಿಗಳು ಕ್ಷೀಣಿಸಿ ಗುಗ್ಗೆ ಒಣಗುತ್ತದೆ, ಗಂಡಸರ ಕಿವಿಯ ರೋಮಗಳು ಒರಟಾಗಿ ದಾರಿಗೆ ಅಡ್ಡವಾಗುತ್ತವೆ, ಶ್ರವಣಯಂತ್ರದ ಅಚ್ಚು ಬಾಗಿಲನ್ನೇ ಮುಚ್ಚುತ್ತದೆ. ಮಕ್ಕಳಲ್ಲಿ ಹತ್ತರಲ್ಲೊಬ್ಬರಿಗೆ, ವಯಸ್ಕರಲ್ಲಿ ಇಪ್ಪತ್ತರಲ್ಲೊಬ್ಬರಿಗೆ ಗುಗ್ಗೆ ಕಟ್ಟಿಕೊಂಡಿದ್ದರೆ, ವೃದ್ಧರಲ್ಲಿ ಮೂರರಲ್ಲೊಬ್ಬರಿಗಿಂತ ಹೆಚ್ಚು ಮಂದಿಗೆ ಹೀಗಾಗಿರುತ್ತದೆಂದು ಅಮೆರಿಕದ ಕಿವಿವೈದ್ಯರ ಸಂಘ 2017ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಅಜ್ಜನಿಗೆ ಕಿವಿ ಕೇಳಿಸದಾದಾಗ ವಯಸ್ಸಿನ ದೋಷವೆಂದು ಮನೆಯವರು ಸುಮ್ಮನಾಗುತ್ತಾರೆ, ಕ್ರಮೇಣ ಅವರೊಡನೆ ಮಾತನ್ನೂ ಕಡಿಮೆ ಮಾಡುತ್ತಾರೆ; ಅವರೂ ದೂರು ಹೇಳುವುದಿಲ್ಲ. ಶ್ರವಣಯಂತ್ರಕ್ಕೆ ಸಾವಿರಾರು ರೂಪಾಯಿ ಕೊಡುವ ಮುನ್ನ, ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಎರಡು ಕಿವಿಗಳಿಗೂ ದೀಪ ಹಾಯಿಸಿ ನೋಡುವಂತೆ ವೈದ್ಯರನ್ನು ಕೇಳಬೇಕು; ಯಂತ್ರವನ್ನು ಈಗಾಗಲೇ ಧರಿಸುವವರು ಕೆಲವು ತಿಂಗಳಿಗೊಮ್ಮೆ ಹೀಗೆ ನೋಡಿಸಿಕೊಳ್ಳಬೇಕು.